ಶಸ್ತ್ರವೈದ್ಯನೂ ರೋಗಿಯ ಸಮ್ಮತಿಯೂ

1767ನೆಯ ಇಸವಿಯಲ್ಲಿ ಇಂಗ್ಲೆಂಡಿನ ನ್ಯಾಯಸ್ಥಾನವೊಂದರ ಮುಂದೆ ಸ್ಲೇಟರ್ ಎಂಬಾತನು ಹೂಡಿದ್ದ ದಾವೆಯೊಂದು ತೀರ್ಮಾನಕ್ಕೆ ಬಂದಿತು. ಈತನ ಕಾಲಿನ ಮೂಳೆ ಮುರಿದಿತ್ತು, ಕಟ್ಟು ಕಟ್ಟಿದ್ದರು, ಮೂಳೆಯು ಕೂಡಿಕೊಳ್ಳುತ್ತಲೂ ಬಂದಿತ್ತು. ಇನ್ನು ಕಟ್ಟನ್ನು ಬಿಚ್ಚಿಸಿದರಾಯಿತೆಂದು ಆತನು ಸ್ಟೇಪಲ್ಟನ್ ಎಂಬ ಔಷಧಗಾರನನ್ನು ಕರೆಸಿದನು. ಸ್ಟೇಪಲ್ಟನ್ ತಾನೊಬ್ಬನೇ ಆ ಕೆಲಸಕ್ಕೆ ಕೈಹಾಕಲೊಲ್ಲದೆ, ಬೇಕರ್ ಎಂಬ ಶಸ್ತ್ರವೈದ್ಯನನ್ನೂ ಬರಮಾಡಿಸಿದನು. ಬೇಕರ್ ಸಾಮಾನ್ಯನಲ್ಲ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಶಸ್ತ್ರವೈದ್ಯನಾಗಿದ್ದು, ವಿದ್ಯಾರ್ಥಿಗಳಿಗೆ ಉಪನ್ಯಾಸ ಮಾಡುತ್ತ ಕೀರ್ತಿ ಪಡೆದಿದ್ದವನು. ಆತನು ಬಂದು ಕಾಲನ್ನು ನೋಡಿದನು. ಸ್ಟೇಪಲ್ಟನ್ನನ ಕಡೆಗೆ ತಲೆಯಾಡಿಸಿ ಸನ್ನೆ ಮಾಡಿದನು. ಸ್ಟೇಪಲ್ಟನ್ ಆ ಕಾಲನ್ನು ತನ್ನ ಮೊಣಕಾಲಿನ ಮೇಲಕ್ಕೆ ತೆಗೆದುಕೊಂಡನು. ಲಟಕ್ಕೆಂದು ಸಪ್ಪಳವಾಯಿತು. ಪ್ರಕೃತಿಯು ಕೂಡಿಸಿದ್ದುದನ್ನು ಮುರಿದುಬಿಟ್ಟಿರಲ್ಲಾ ಎಂದು ರೋಗಿಯು ಕೂಗಿಕೊಂಡನು. ಕಾಲನ್ನು ಎಳೆದು ನೀಳಮಾಡಬೇಕಾಗಿದೆ, ಸಹಿಸಿಕೊಳ್ಳಬೇಕು ಎಂಬುದು ಬೇಕರನ ಉತ್ತರ. ಆಮೇಲೆ ಹಲ್ಲುಗಳಿದ್ದ ಭಾರವಾದ ಉಕ್ಕಿನ ಯಂತ್ರವೊಂದನ್ನು ಆ ಕಾಲಿಗೆ ತೊಡಿಸಿದರು. ಅದು ಹೊಸದಾಗಿ ಬಂದಿದ್ದ ಸಾಧನ. ಅದನ್ನು ಪರೀಕ್ಷಿಸಿ ನೋಡುವ ಕುತೂಹಲವೂ ವೈದ್ಯನಿಗೆ ಇದ್ದಿತೆಂದು ತೋರುತ್ತದೆ.

ಪಂಚರು, ಎಂದರೆ ಜ್ಯೂರಿಯವರು, ಸ್ಲೇಟರನಿಗೆ 500 ಪೌಂಡುಗಳ ಪರಿಹಾರವನ್ನು ವಿಧಿಸಿದರು. ಆ ಕಾಲಕ್ಕೆ ಅದು ಅಲ್ಪವಾದ ಮೊಬಲಗಲ್ಲ. ಪ್ರತಿವಾದಿಗಳು ಮರುವಿಚಾರಣೆಯನ್ನು ಬೇಡಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಇವರಿಬ್ಬರೂ ತಮ್ಮ ತಮ್ಮ ವೃತ್ತಿಯಲ್ಲಿ ಇಂಗ್ಲೆಂಡಿನ ಯಾರಿಗೂ ಕಡಮೆಯಾದವರಲ್ಲದಿರಬಹುದು, ಆದರೂ ಈ ಒಂದು ಪ್ರಸಂಗದಲ್ಲಿ ಅರಿವಿಲ್ಲದವರಂತೆಯೂ ಕುಶಲತೆಯಿಲ್ಲದವರಂತೆಯೂ ನಡೆದುಕೊಂಡರು ಎಂದು ಅವರ ಅಭಿಪ್ರಾಯ. ಸಾಕ್ಷಿ ಹೇಳಿದ ಇತರ ಶಸ್ತ್ರವೈದ್ಯರು, ಕೂಡಿದ ಮೂಳೆಯನ್ನು ರೋಗಿಯ ಸಮ್ಮತಿಯಿಲ್ಲದೆ ಬೇರ್ಪಡಿಸುವುದು ತಮ್ಮ ಕಸಬಿನ ಪದ್ಧತಿಯಲ್ಲವೆಂದು ಪ್ರಮಾಣಮಾಡಿ ನುಡಿದಿದ್ದರು. ರೋಗಿಗೆ ಮುಂಚಿತವಾಗಿ ತಿಳಿಸಬೇಕೆನ್ನುವುದಕ್ಕೆ ನ್ಯಾಯಾಧೀಶರು ಒಂದು ಕಾರಣವನ್ನೂ ಕೊಟ್ಟರು. ತನ್ನ ದೇಹಕ್ಕೆ ಏನು ಮಾಡಲಿರುವರೆಂಬುದು ತಿಳಿದಿದ್ದರೆ ರೋಗಿಯು ಧೈರ್ಯ ತಂದುಕೊಂಡು, ಆ ಕ್ರಿಯೆಯನ್ನು ತಾಳಿಕೊಳ್ಳುವುದಕ್ಕೆ ತನ್ನನ್ನು ಅಣಿಮಾಡಿಕೊಳ್ಳುವನು ಎಂಬುದೇ ಆ ಕಾರಣ.

ಈ ಕಾರಣವನ್ನು ಸ್ವಲ್ಪ ನಿಂತು ನೋಡಬೇಕು. ದೇಹವು ರೋಗಿಯದು, ಆದಕಾರಣ ತೀರ್ಮಾನವೂ ಅವನದೇ ಎಂದು ಆ ನ್ಯಾಯಾಧೀಶರು ಹೇಳಲಿಲ್ಲ. ಧೈರ್ಯದ ಮಾತನ್ನು ಆಡಿದರು. ಏಕೆಂದರೆ 1767ರಲ್ಲಿ ಶಸ್ತ್ರಕ್ರಿಯೆಯೆಂಬುದು ಎಚ್ಚತ್ತಿರುವ ಮನುಷ್ಯನ ಮೇಲೆ ನಡೆಯುತ್ತಿದ್ದ ಕೆಲಸ. ಮದ್ಯವನ್ನೋ ಅಫೀಮನ್ನೋ ಕೊಡಬಹುದಾಗಿತ್ತು. ಮಿಕ್ಕುದೆಲ್ಲ ರೋಗಿಯ ಎದೆಗಾರಿಕೆಗೆ ಬಿಟ್ಟದ್ದು. ಅವನು ಒದ್ದಾಡಿದರೆ ಕತ್ತಿ ತಪ್ಪುವುದು. ಉಸಿರು ಬಿಗಿಹಿಡಿದು ಅಲುಗಾಡದೆ ಮಲಗಿದರೆ ಕೆಲಸ ಬೇಗ ಮುಗಿಯುವುದು. ಹೀಗಾಗಿ ಶಸ್ತ್ರವೈದ್ಯನಿಗೆ ರೋಗಿಯ ಸಮ್ಮತಿಯು ನೀತಿಯ ದೃಷ್ಟಿಯಿಂದ ಬೇಕಾದುದಕ್ಕಿಂತ ಮೊದಲು ಕೆಲಸದ ದೃಷ್ಟಿಯಿಂದಲೇ ಬೇಕಾಗಿದ್ದಿತು. ರೋಗಿಯೂ ವೈದ್ಯನೂ ಸೇರಿ ಚಿಕಿತ್ಸೆಯನ್ನು ನಿರ್ಣಯಿಸಬೇಕೆಂಬ ಈಗಿನ ತತ್ತ್ವದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ತತ್ತ್ವಜ್ಞಾನಿಗಳ ಹೆಸರುಗಳಿಂದ ಆರಂಭಿಸುವುದುಂಟು. ನಮಗಾದರೋ, ಈ ಚರಿತ್ರೆಯ ಒಂದು ದೊಡ್ಡ ಪಾಲು ನೋವಿನ ಚರಿತ್ರೆಯೂ ನಿದ್ರೆಯ ಚರಿತ್ರೆಯೂ ಆಗಿದೆಯೆಂದು ತೋರುತ್ತದೆ.

ನಮ್ಮ ದೇಶದ ಪ್ರಾಚೀನ ಗ್ರಂಥಗಳಲ್ಲಿ ಇದಕ್ಕೆ ಏನಾದರೂ ಆಧಾರವುಂಟೆ? ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳುತ್ತದೆ: ವೈದ್ಯ, ಔಷಧದ್ರವ್ಯ, ಉಪಚಾರಕ, ರೋಗಿ. ರೋಗಿಯನ್ನು ಚಿಕಿತ್ಸೆಯ ವಸ್ತುವೆಂದು ಗಣಿಸದೆ ಅದರ ಒಂದು ಪಾದವೆಂದೇ ಎಣಿಸಿದುದು ದೊಡ್ಡ ಮಾತು. ಆದರೆ ಆ ರೋಗಿಗೆ ಇರಬೇಕಾದ ಗುಣಗಳು ಯಾವುವೆಂದು ನೋಡಿದರೆ ನಮ್ಮ ಉತ್ಸಾಹ ಸ್ವಲ್ಪ ತಗ್ಗುತ್ತದೆ. ಜ್ಞಾಪಕಶಕ್ತಿ, ವೈದ್ಯನು ಹೇಳಿದಂತೆ ನಡೆಯುವುದು, ಅಂಜದಿರುವುದು, ತನ್ನ ರೋಗವನ್ನು ಸರಿಯಾಗಿ ತಿಳಿಸಬಲ್ಲವನಾಗಿರುವುದು, ಇವು ನಾಲ್ಕು. ತಿಳಿಸುವುದು ರೋಗಿಯ ಕೆಲಸ, ನಿರ್ಣಯಿಸುವುದು ವೈದ್ಯನ ಕೆಲಸ. ಕುಂಬಾರನಿಲ್ಲದೆ ಮಣ್ಣು, ಚಕ್ರ, ಕೋಲುಗಳಿಂದ ಏನೂ ಆಗದಂತೆ ವೈದ್ಯನಿಲ್ಲದೆ ಉಳಿದ ಮೂರು ಪಾದಗಳಿಂದ ಪ್ರಯೋಜನವಿಲ್ಲವೆಂದು ಚರಕನೇ ಉಪಮಾನ ಕೊಡುತ್ತಾನೆ. ಸಾಯಲಿರುವ ರೋಗಿಗೆ ಆ ಸುದ್ದಿಯಿಂದ ಆಘಾತವಾಗುವುದಾದರೆ ಅದನ್ನು ಹೇಳಕೂಡದೆಂದೂ ಆ ಗ್ರಂಥದಲ್ಲಿ ವಿಧಿಯುಂಟು. ಎಲ್ಲ ಹೊಸ ವಿಚಾರಗಳೂ ನಮ್ಮ ಹಿರಿಯರಿಗೆ ಮೊದಲೇ ತಿಳಿದಿದ್ದುವೆಂದು ಸಾಧಿಸಹೊರಡುವ ಮಿತ್ರರು ಈ ಭಾಗವನ್ನು ಓದುವಾಗ ಹಾಳೆಯನ್ನು ಬೇಗ ಮಗುಚಿಬಿಡುತ್ತಾರೆ.

ಸುಶ್ರುತನು ಶಸ್ತ್ರವೈದ್ಯ. ಅವನ ಮಾತು ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಮೂತ್ರಕೋಶದ ಕಲ್ಲನ್ನು ಕತ್ತರಿಸಿ ತೆಗೆಯುವ ಕ್ರಮವನ್ನು ಹೇಳುವ ಅಧ್ಯಾಯದಲ್ಲಿ ಅವನು ಮೊದಲು ಔಷಧಗಳನ್ನು ವಿವರಿಸಿ, ಅವುಗಳಿಂದ ಗುಣವಾಗದಿದ್ದಾಗ ಮಾತ್ರ ಶಸ್ತ್ರವನ್ನು ಹಿಡಿಯಬೇಕೆನ್ನುತ್ತಾನೆ. ಅದಕ್ಕೆ ಮುನ್ನ ಒಂದು ಎಚ್ಚರಿಕೆ. ಶಸ್ತ್ರಕ್ರಿಯೆ ಮಾಡದಿದ್ದರೆ ಮರಣವು ನಿಶ್ಚಯ. ಮಾಡಿದರೆ ಫಲವು ಸಂಶಯ. ಆದಕಾರಣ ಒಡೆಯನನ್ನು ಕೇಳಿಕೊಂಡು ಮಾಡತಕ್ಕದ್ದು. ಇಲ್ಲಿ ಅವನು ಉಪಯೋಗಿಸಿರುವ ‘ಈಶ್ವರ’ ಎಂಬ ಶಬ್ದಕ್ಕೆ ಅರಸನೆಂದೂ ಒಡೆಯನೆಂದೂ ಅರ್ಥವಾಗುತ್ತದೆ. ಅನುಮತಿಯನ್ನು ಬೇಡುವುದೇನೋ ಸರಿ. ಆದರೆ ಬೇಡುವುದು ರೋಗಿಯಿಂದಲ್ಲ. ಕೆಲಸವು ಕೆಟ್ಟರೆ ವೈದ್ಯನ ತಲೆಗೆ ಅಪಾಯ ಬಾರದಿರಲೆಂಬ ವಿವೇಕ ಇದರಲ್ಲಿ ಕಾಣುತ್ತದೆ. ಆ ಬಳಿಕ ಬರುವ ವರ್ಣನೆಯನ್ನು ಓದಿದರೆ ರೋಗಿಯ ಸ್ಥಿತಿ ಕಣ್ಣಿಗೆ ಕಟ್ಟುತ್ತದೆ. ಮೊಣಕಾಲೆತ್ತರದ ಹಲಗೆಯ ಮೇಲೆ ಒಬ್ಬನು ಕುಳಿತಿರಬೇಕು. ಅವನ ತೊಡೆಯ ಮೇಲೆ ರೋಗಿಯು ಒರಗಬೇಕು. ಮೊಣಕಾಲುಗಳನ್ನೂ ಮೊಣಕೈಗಳನ್ನೂ ಪಟ್ಟಿಗಳಿಂದ ಬಿಗಿಯಬೇಕು. ನೋವನ್ನು ತಾಳಲಾರದವರಿಗೆ ಶಸ್ತ್ರಕ್ಕೆ ಮುಂಚೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದು ಬೇರೊಂದು ಕಡೆ ಹೇಳಿದೆ. ಹೀಗಿದ್ದೂ ಸುಶ್ರುತನಿಗೆ ರೋಗಿಯ ಮನಸ್ಸು ತಿಳಿಯದೆ ಇರಲಿಲ್ಲ. ತಂದೆತಾಯಿಗಳನ್ನೂ ಮಕ್ಕಳನ್ನೂ ನೆಂಟರನ್ನೂ ಶಂಕಿಸುವ ರೋಗಿಯು ವೈದ್ಯನನ್ನು ಮಾತ್ರ ಶಂಕಿಸದೆ ತನ್ನನ್ನು ತಾನೇ ಅವನ ಕೈಗೆ ಒಪ್ಪಿಸುತ್ತಾನೆ, ಆದಕಾರಣ ಅವನನ್ನು ಮಗನಂತೆ ಕಾಪಾಡಬೇಕು ಎಂದು ಅವನೇ ಬರೆದಿದ್ದಾನೆ. ಇದು ಕರುಣೆಯ ಮಾತು. ಮಗನಂತೆ ಕಾಪಾಡುವುದೂ ಸಮಾನನಂತೆ ಕೇಳುವುದೂ ಒಂದೇ ಅಲ್ಲವೆಂಬುದನ್ನು ಮಾತ್ರ ನಾವು ಮರೆಯಬಾರದು.

ಗ್ರೀಕರಲ್ಲಿ ಪ್ಲೇಟೋ ತನ್ನ ಮುಪ್ಪಿನಲ್ಲಿ ಶಾಸನಗಳನ್ನು ಕುರಿತು ಬರೆದ ಗ್ರಂಥದಲ್ಲಿ ಎರಡು ಬಗೆಯ ವೈದ್ಯರನ್ನು ಚಿತ್ರಿಸಿದ್ದಾನೆ. ಗುಲಾಮರಿಗೆ ಮದ್ದು ಕೊಡುವವನು ಅವರ ಮಾತನ್ನು ಕೇಳುವುದಿಲ್ಲ, ತಾನೂ ಕಾರಣ ಹೇಳುವುದಿಲ್ಲ. ಸರ್ವಾಧಿಕಾರಿಯಂತೆ ಅಪ್ಪಣೆಮಾಡಿ ಮುಂದಿನ ರೋಗಿಯ ಬಳಿಗೆ ಧಾವಿಸುತ್ತಾನೆ. ಸ್ವತಂತ್ರರಾದ ಪೌರರ ವೈದ್ಯನಾದರೋ ರೋಗಿಯೊಡನೆಯೂ ಅವನ ಬಂಧುಗಳೊಡನೆಯೂ ಮಾತನಾಡಿ, ತಾನು ಅವರಿಂದ ಕಲಿತು, ಅವರಿಗೂ ಕಲಿಸಿ, ಒಪ್ಪಿಸುವ ತನಕ ಚಿಕಿತ್ಸೆಯನ್ನು ಆರಂಭಿಸುವುದಿಲ್ಲ. ಅದೇ ಗ್ರಂಥದ ಮತ್ತೊಂದು ಸ್ಥಳದಲ್ಲಿ ಗುಲಾಮರ ವೈದ್ಯನು ಇದನ್ನು ಕಂಡು ನಗುತ್ತಾನೆ. ರೋಗಿಯನ್ನು ಗುಣಪಡಿಸುವುದು ಬಿಟ್ಟು ಅವನನ್ನೇ ವೈದ್ಯನನ್ನಾಗಿ ಮಾಡಹೊರಟಿದ್ದೀಯಲ್ಲಾ ಎಂದು ಹಾಸ್ಯಮಾಡುತ್ತಾನೆ. ಆ ನಗೆ ಈಗಲೂ ಕೆಲವು ಆಸ್ಪತ್ರೆಗಳ ಮೊಗಸಾಲೆಯಲ್ಲಿ ಕೇಳಿಬರುವುದುಂಟು. ವಿವರಿಸಿ ಹೇಳುವುದು ಸ್ವತಂತ್ರರಿಗೆ ಸಲ್ಲುವ ಮರ್ಯಾದೆ, ಅಪ್ಪಣೆಯು ಗುಲಾಮರ ಪಾಲು ಎಂಬ ಪ್ಲೇಟೋವಿನ ವಿಂಗಡಣೆ ನಮಗೆ ರುಚಿಸದು; ಆದರೆ ಕಾಸುಳ್ಳವರ ಆಸ್ಪತ್ರೆಗೂ ಧರ್ಮಾಸ್ಪತ್ರೆಗೂ ಇರುವ ಅಂತರವನ್ನು ಕಂಡವರಿಗೆ ಅದು ಅಪರಿಚಿತವೂ ಅಲ್ಲ.

ನಿದ್ರೆಯ ಕಾಲ ಬರುವುದಕ್ಕೆ ಮುನ್ನ ರೋಗಿಯ ಸಮ್ಮತಿಯೆಂದರೆ ಏನಾಗಿತ್ತೆಂಬುದನ್ನು ಒಬ್ಬ ರೋಗಿಯ ಬಾಯಿಂದಲೇ ತಿಳಿಯುವ ಭಾಗ್ಯ ನಮಗುಂಟು. ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಕಾದಂಬರಿಕಾರ್ತಿ 1752ರಲ್ಲಿ ಹುಟ್ಟಿದವಳು. ಫ್ರೆಂಚ್ ಸೇನಾಧಿಕಾರಿಯೊಬ್ಬನನ್ನು ಮದುವೆಯಾಗಿ ಪ್ಯಾರಿಸ್ಸಿನಲ್ಲಿದ್ದಳು. 1810ರಲ್ಲಿ ಆಕೆಯ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ನೆಪೋಲಿಯನ್ನನ ಸೇನೆಯ ಪ್ರಸಿದ್ಧ ಶಸ್ತ್ರವೈದ್ಯನಾದ ಲಾರೇ, ಪಟ್ಟದ ರಾಣಿಯ ಹೆರಿಗೆಯ ವೈದ್ಯನಾದ ದ್ಯೂಬ್ವಾ, ಇಂಥವರು ಬಂದು ನೋಡಿದರು. ಸ್ತನವನ್ನು ಕತ್ತರಿಸುವುದಲ್ಲದೆ ಬೇರೆ ಗತಿಯಿಲ್ಲವೆಂದರು. ಆಕೆ ಒಪ್ಪಿದಳು. ಆದರೆ ಯಾವ ದಿನವೆಂಬುದನ್ನು ವೈದ್ಯರು ಹೇಳಲಿಲ್ಲ. ಮುಂದಾಗಿ ತಿಳಿಸಿದರೆ ಹೆದರಿಕೆಯಿಂದಲೇ ಕುಗ್ಗಿಹೋಗುವಳೆಂದು ಅವರ ಎಣಿಕೆ. 1811ರ ಸೆಪ್ಟೆಂಬರ್ 30ನೆಯ ದಿನ ಕೇವಲ ಕೆಲವು ಗಂಟೆಗಳ ಮುಂಚೆ ಸುದ್ದಿ ಬಂದಿತು. ಗಂಡನನ್ನು ಉಪಾಯವಾಗಿ ಹೊರಗೆ ಕಳಿಸಿ, ಆಕೆ ಒಬ್ಬಳೇ ಕಾದಳು. ಕಪ್ಪು ಉಡುಪಿನ ಏಳು ಮಂದಿ ಗಂಡಸರು ಅಪ್ಪಣೆ ಕೇಳದೆ ಕೋಣೆಯನ್ನು ಹೊಕ್ಕರು. ಒರಗುಕುರ್ಚಿಯಲ್ಲಿ ಕುಳಿತಿದ್ದರೆ ಸಾಕೆಂದು ಲಾರೇ ಮಾತು ಕೊಟ್ಟಿದ್ದನು. ಈಗ ದ್ಯೂಬ್ವಾ ಹಾಸಿಗೆಯನ್ನು ಹಾಸುವಂತೆ ಆಜ್ಞಾಪಿಸಿದನು. ಮುಖದ ಮೇಲೆ ತೆಳುವಾದ ಕರವಸ್ತ್ರವೊಂದನ್ನು ಹೊದಿಸಿದರು. ಅದರ ಮೂಲಕ ಉಕ್ಕಿನ ಹೊಳಪು ಕಾಣುತ್ತಿತ್ತು.

ಆಗ ನಡೆದ ಒಂದು ಸಂಗತಿಗಾಗಿಯೇ ನಾವು ಈ ಪ್ರಸಂಗವನ್ನು ಇಷ್ಟು ವಿಸ್ತರಿಸಿದೆವು. ಈ ಸ್ತನವನ್ನು ಹಿಡಿದುಕೊಳ್ಳುವವರು ಯಾರು ಎಂದು ವೈದ್ಯನೊಬ್ಬನು ಕೇಳಿದನು. ಯಾರೂ ಉತ್ತರ ಕೊಡಲಿಲ್ಲ. ಬಟ್ಟೆಯ ಒಳಗಿನಿಂದ ನೋಡುತ್ತಿದ್ದ ಆಕೆಗೆ ಅವನ ಬೆರಳು ಗಾಳಿಯಲ್ಲಿ ಗೆರೆಯನ್ನೂ ವೃತ್ತವನ್ನೂ ಬರೆದುದು ಕಾಣಿಸಿತು. ಪೂರ್ತಿಯಾಗಿ ತೆಗೆಯುವರೆಂಬುದು ಅರ್ಥವಾಯಿತು. ಆಕೆ ಬಟ್ಟೆಯನ್ನು ಕಿತ್ತೆಸೆದು, ನಾನೇ ಹಿಡಿದುಕೊಳ್ಳುತ್ತೇನೆಂದಳು. ತನ್ನ ಕೈಯಿಂದಲೇ ಅದನ್ನು ಹಿಡಿದು, ತನ್ನ ನೋವೆಲ್ಲವೂ ಒಂದೇ ಬಿಂದುವಿನಿಂದ ಹುಟ್ಟುತ್ತದೆಂದು ವಿವರಿಸಿದಳು. ಅವರು ಮೌನವಾಗಿ ಕೇಳಿದರು. ಕೇಳಿ, ಆಕೆಯನ್ನು ಮೊದಲಿನಂತೆ ಮಲಗಿಸಿ, ಬಟ್ಟೆಯನ್ನು ಮತ್ತೆ ಮುಖದ ಮೇಲೆ ಹೊದಿಸಿದರು. ಆಕೆ ಕಣ್ಣು ಮುಚ್ಚಿಕೊಂಡಳು. ಇದನ್ನೆಲ್ಲ ತನ್ನ ಅಕ್ಕತಂಗಿಯರಲ್ಲಿ ಒಬ್ಬಳಾದ ಎಸ್ತರಳಿಗೆ ಬರೆದ ದೀರ್ಘವಾದ ಪತ್ರವನ್ನು ಮುಗಿಸುವುದಕ್ಕೆ ಅನೇಕ ತಿಂಗಳು ಹಿಡಿಯಿತು. ಆಕೆ 1840ರ ತನಕ ಬದುಕಿದ್ದಳು. ವೈದ್ಯರ ನಿರ್ಣಯವು ಸರಿಯಾಗಿಯೇ ಇದ್ದಿರಬಹುದು. ಆದರೂ ಒಪ್ಪಿಗೆ ಕೊಟ್ಟವಳಿಗೆ ತಾನು ಒಪ್ಪಿದುದು ಏನೆಂಬುದು ಕತ್ತಿಯ ಕೆಳಗೆ ಮಲಗಿದ ಮೇಲೆ ತಿಳಿದುಬಂದಿತು. ತಿಳಿದಾಗ ಎದ್ದು ಕುಳಿತು ವಾದಿಸುವಷ್ಟು ಎಚ್ಚರ ಆಕೆಗೆ ಇದ್ದಿತು ಎಂಬುದೊಂದೇ ವಿಶೇಷ.

1846ರ ಅಕ್ಟೋಬರ್ 16ನೆಯ ದಿನ ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಈಥರ್ ವಾಯುವನ್ನು ಮೂಸಿಸಿ, ಎಲ್ಲರೆದುರಿಗೆ ನೋವಿಲ್ಲದೆ ಶಸ್ತ್ರಕ್ರಿಯೆ ಮಾಡಿ ತೋರಿಸಿದರು. ಮುಂದಿನ ವರ್ಷವೇ ಅದು ಕಲ್ಕತ್ತೆಗೂ ಬಂದಿತು. ಅದೇ ವರ್ಷ ಎಡಿನ್‌ಬರೋದಲ್ಲಿ ಸಿಂಪ್ಸನ್ ಕ್ಲೋರೋಫಾರಮ್ಮನ್ನು ಬಳಕೆಗೆ ತಂದನು. ಮನುಷ್ಯಕುಲಕ್ಕೆ ದೊರೆತ ವರಗಳಲ್ಲಿ ಇದಕ್ಕಿಂತ ದೊಡ್ಡವು ಹೆಚ್ಚಿಲ್ಲ. ಬರ್ನಿಯ ಪತ್ರವನ್ನು ಓದಿದ ಯಾರೂ ಆ ಹಳೆಯ ಕಾಲವು ಮರಳಿ ಬರಲೆಂದು ಬಯಸರು. ಆದರೆ ಈ ವರದ ಜೊತೆಗೆ ಒಂದು ಬದಲಾವಣೆಯೂ ಬಂದಿತು. ಅದನ್ನು ಆಗ ಯಾರೂ ಹೆಚ್ಚಾಗಿ ಗಮನಿಸಲಿಲ್ಲ. ಶಸ್ತ್ರವೈದ್ಯನಿಗೆ ಈಗ ರೋಗಿಯ ಧೈರ್ಯ ಬೇಕಾಗಿಲ್ಲ. ರೋಗಿಯು ಕೂಗುವುದಿಲ್ಲ, ಎದ್ದು ಕೂರುವುದಿಲ್ಲ, ಪ್ರಕೃತಿಯು ಕೂಡಿಸಿದುದನ್ನು ಮುರಿದಿರೆಂದು ಆಕ್ಷೇಪಿಸುವುದಿಲ್ಲ. 1767ರ ನ್ಯಾಯಾಧೀಶರು ಕೊಟ್ಟ ಕಾರಣದ ಬುಡವೇ ಸಡಿಲವಾಯಿತು.

ಇದರ ಮುನ್ಸೂಚನೆ ನಮ್ಮ ದೇಶದಲ್ಲಿಯೇ ಒಂದು ವರ್ಷ ಮೊದಲು ಕಾಣಿಸಿತ್ತು. ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ವೈದ್ಯನು 1845ರಲ್ಲಿ ಮೆಸ್ಮರನ ಸಮ್ಮೋಹನ ವಿದ್ಯೆಯಿಂದ ರೋಗಿಗಳನ್ನು ಮೈಮರೆಯಿಸಿ ದೊಡ್ಡ ದೊಡ್ಡ ಗೆಡ್ಡೆಗಳನ್ನು ಕತ್ತರಿಸಿ ತೆಗೆಯತೊಡಗಿದನು. ಮೊದಲನೆಯ ರೋಗಿಯು ಒಬ್ಬ ಸೆರೆಯಾಳು. ಎಚ್ಚತ್ತ ರೋಗಿಗಳಿಗೆ ತಮ್ಮ ಮೈಮೇಲೆ ಶಸ್ತ್ರಕ್ರಿಯೆ ನಡೆದುದೇ ತಿಳಿದಿರಲಿಲ್ಲವೆಂದು ಎಸ್ಡೇಲ್ ಹೆಮ್ಮೆಯಿಂದ ಬರೆದಿದ್ದಾನೆ. ಆ ಹೆಮ್ಮೆ ನೋವನ್ನು ಗೆದ್ದುದಕ್ಕಾಗಿ, ಅದು ನ್ಯಾಯವೇ. ತಿಳಿಯದೆ ಇದ್ದುದು ನೋವು ಮಾತ್ರವೆ ಎಂಬ ಪ್ರಶ್ನೆ ಅವನಿಗೆ ಹೊಳೆದಂತೆ ಕಾಣುವುದಿಲ್ಲ. ಮುಂದೆ 1888 ಮತ್ತು 1889ರಲ್ಲಿ ಹೈದರಾಬಾದಿನ ನಿಜಾಮರ ಹಣದಿಂದ ಕ್ಲೋರೋಫಾರಮ್ಮನ್ನು ಕುರಿತು ಎರಡು ಆಯೋಗಗಳು ಕುಳಿತುವು. ಸಾವು ಸಂಭವಿಸಿದಾಗ ಮೊದಲು ನಿಲ್ಲುವುದು ಉಸಿರೋ ಹೃದಯವೋ ಎಂಬುದು ಅಲ್ಲಿನ ವಿವಾದ. ಅದರ ಕಥೆ ಬೇರೆಯೇ ಒಂದು ಭಾಷಣಕ್ಕೆ ಆದೀತು.

ರೋಗಿಯು ಮೌನವಾದ ಆ ಕಾಲದಲ್ಲಿಯೇ ವೈದ್ಯರ ಸಂಘಗಳು ತಮ್ಮ ನೀತಿಸಂಹಿತೆಗಳನ್ನು ಬರೆದುವು. ಅಮೆರಿಕದ ವೈದ್ಯಕೀಯ ಸಂಘವು 1847ರಲ್ಲಿ ಅಂಗೀಕರಿಸಿದ ಸಂಹಿತೆಯಲ್ಲಿ ರೋಗಿಯ ಕರ್ತವ್ಯಗಳಿಗೂ ಒಂದು ಪ್ರಕರಣವಿದೆ. ವೈದ್ಯನ ಆಜ್ಞೆಗೆ ತಡಮಾಡದೆಯೂ ಪ್ರಶ್ನಿಸದೆಯೂ ವಿಧೇಯನಾಗಿರಬೇಕು, ತನ್ನ ಅಪಕ್ವವಾದ ಅಭಿಪ್ರಾಯಗಳಿಗೆ ಎಡೆಗೊಡಬಾರದು ಎಂಬುದು ಅದರ ಸಾರ. ಚರಕನು ಹೇಳಿದ ನಾಲ್ಕು ಗುಣಗಳಲ್ಲಿ ಒಂದು ಮಾತ್ರ ಇಲ್ಲಿ ಉಳಿದಿದೆ ಎನ್ನಬೇಕು.

ಮಲಗಿದ್ದವರ ಪರವಾಗಿ ಮತ್ತೆ ಮಾತನಾಡಿದುದು ನ್ಯಾಯಸ್ಥಾನವೇ. ಅಮೆರಿಕದ ಮಿನೆಸೋಟಾ ಸಂಸ್ಥಾನದಲ್ಲಿ ಒಬ್ಬ ಹೆಂಗಸು ಬಲಗಿವಿಯ ಶಸ್ತ್ರಕ್ರಿಯೆಗೆ ಒಪ್ಪಿ ಮಲಗಿದಳು. ಮೂರ್ಛೆ ಬಂದ ಮೇಲೆ ವೈದ್ಯನು ಎರಡು ಕಿವಿಗಳನ್ನೂ ಪರೀಕ್ಷಿಸಿ ನೋಡಿದರೆ, ಬಲಗಿವಿಯು ಅಷ್ಟಾಗಿ ಕೆಟ್ಟಿಲ್ಲ, ಎಡಗಿವಿಯೇ ಹೆಚ್ಚು ಕೆಟ್ಟಿದೆ. ಅವನು ಎಡಗಿವಿಗೆ ಶಸ್ತ್ರಕ್ರಿಯೆ ಮಾಡಿದನು, ಕುಶಲತೆಯಿಂದಲೇ ಮಾಡಿದನು. 1905ರಲ್ಲಿ ಆ ಸಂಸ್ಥಾನದ ಉನ್ನತ ನ್ಯಾಯಾಲಯವು ಇದನ್ನು ಅನುಮತಿಯಿಲ್ಲದೆ ಮೈಮುಟ್ಟಿದ ಹಲ್ಲೆಯೆಂದೇ ಎಣಿಸಿತು. ವೈದ್ಯನ ಪಕ್ಷವನ್ನೂ ಯೋಚಿಸಬೇಕು. ಎಬ್ಬಿಸಿ, ಕೇಳಿ, ಮತ್ತೊಂದು ದಿನ ಮತ್ತೆ ಮೂರ್ಛೆಗೊಳಿಸುವುದೆಂದರೆ ಆ ಕಾಲದಲ್ಲಿ ಇನ್ನೊಂದು ಸಲ ಪ್ರಾಣಾಪಾಯಕ್ಕೆ ಗುರಿಮಾಡಿದಂತೆ. ಅವನ ಉದ್ದೇಶದಲ್ಲಿ ಕೇಡಿರಲಿಲ್ಲವೆಂಬುದನ್ನು ನ್ಯಾಯಾಲಯವೂ ಒಪ್ಪಿತು. ಆದರೂ ಎಡಗಿವಿಯು ಯಾರದು ಎಂಬ ಪ್ರಶ್ನೆಗೆ ಸದುದ್ದೇಶವು ಉತ್ತರವಾಗಲಾರದು.

ಇನ್ನೊಂದು ಮೊಕದ್ದಮೆ ಇದಕ್ಕಿಂತ ಪ್ರಸಿದ್ಧವಾದುದು. 1908ರಲ್ಲಿ ನ್ಯೂಯಾರ್ಕ್ ಆಸ್ಪತ್ರೆಯನ್ನು ಸೇರಿದ ಶ್ಲೋಯೆಂಡಾರ್ಫ್ ಎಂಬ ಮಹಿಳೆ ಈಥರ್ ಕೊಟ್ಟು ಪರೀಕ್ಷೆ ಮಾಡುವುದಕ್ಕೆ ಮಾತ್ರ ಒಪ್ಪಿದಳು. ಶಸ್ತ್ರಕ್ರಿಯೆ ಕೂಡದೆಂದು ತಾನು ಸ್ಪಷ್ಟವಾಗಿ ಹೇಳಿದ್ದೆನೆಂಬುದು ಆಕೆಯ ಹೇಳಿಕೆ. ನಿದ್ರೆಯಲ್ಲಿದ್ದಾಗ ಗೆಡ್ಡೆಯನ್ನು ತೆಗೆದುಬಿಟ್ಟರು. ಆಮೇಲೆ ಕೈ ಕೊಳೆತು ಕೆಲವು ಬೆರಳುಗಳು ಹೋದುವು. 1914ರಲ್ಲಿ ತೀರ್ಪು ಬರೆದ ನ್ಯಾಯಮೂರ್ತಿ ಕಾರ್ಡೋಜೋ, ಪ್ರಾಯಕ್ಕೆ ಬಂದು ಬುದ್ಧಿ ಸ್ವಸ್ಥವಾಗಿರುವ ಪ್ರತಿಯೊಬ್ಬ ಮನುಷ್ಯನಿಗೂ ತನ್ನ ದೇಹಕ್ಕೆ ಏನಾಗಬೇಕೆಂಬುದನ್ನು ನಿರ್ಣಯಿಸುವ ಹಕ್ಕು ಉಂಟು ಎಂದನು. ಸಮ್ಮತಿಯ ಆಧಾರವು ಧೈರ್ಯದಿಂದ ಹಕ್ಕಿಗೆ ಬಂದು ನಿಂತುದು ಇಲ್ಲಿ. ಈ ಮಾತನ್ನು ಅಂದಿನಿಂದ ಎಷ್ಟು ಮಂದಿ ಎತ್ತಿ ಹೇಳಿದ್ದಾರೋ ಲೆಕ್ಕವಿಲ್ಲ. ಆ ಮಹಿಳೆ ಮಾತ್ರ ಮೊಕದ್ದಮೆಯಲ್ಲಿ ಸೋತಳು. ಆಸ್ಪತ್ರೆಯು ಧರ್ಮಸಂಸ್ಥೆ, ವೈದ್ಯರು ಅದರ ನೌಕರರಲ್ಲ, ಆದಕಾರಣ ಆಸ್ಪತ್ರೆಯು ಹೊಣೆಯಲ್ಲ ಎಂದು ಅದೇ ತೀರ್ಪು ಮುಗಿಯುತ್ತದೆ.

ತೀರ್ಪುಗಳು ಪುಸ್ತಕದಲ್ಲಿ ಉಳಿದುವು. ಶಸ್ತ್ರಶಾಲೆಯ ಪದ್ಧತಿ ಬೇರೆ ದಾರಿಯಲ್ಲಿ ಸಾಗಿತು. ಬಾಲ್ಟಿಮೋರಿನ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು 1894ರಲ್ಲಿ ಪ್ರಕಟಿಸಿದ ಕ್ರಮದಂತೆ ಸ್ತನದ ಅರ್ಬುದಕ್ಕೆ ಸ್ತನವನ್ನೂ ಅದರಡಿಯ ಮಾಂಸಖಂಡಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುತ್ತಿದ್ದರು. 1905ರಲ್ಲಿ ಮೇಯೋ ವೈದ್ಯಾಲಯದ ಲೂಯಿ ವಿಲ್ಸನ್, ಗೆಡ್ಡೆಯ ಚೂರನ್ನು ಹೆಪ್ಪುಗಟ್ಟಿಸಿ ಕೆಲವೇ ನಿಮಿಷಗಳಲ್ಲಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಉಪಾಯವನ್ನು ತೋರಿಸಿಕೊಟ್ಟನು. ಇವೆರಡೂ ಸೇರಿದಾಗ ಆದುದೇನು? ಗಂಟು ಕಂಡ ಹೆಂಗಸನ್ನು ನಿದ್ರೆಗೊಳಿಸುವುದು. ಚೂರು ತೆಗೆದು ಪರೀಕ್ಷಿಸುವುದು. ಅರ್ಬುದವೆಂದು ಕಂಡರೆ ಆಕೆಯನ್ನು ಎಬ್ಬಿಸದೆಯೇ ಸ್ತನವನ್ನು ತೆಗೆದುಬಿಡುವುದು. ಹಲವು ದಶಕಗಳ ಕಾಲ ಅಮೆರಿಕದಲ್ಲಿ ನಡೆದುಬಂದ ವಾಡಿಕೆಯಿದು. ಎದ್ದಾಗ ತನಗೆ ಏನು ಉಳಿದಿರುವುದೋ ಎಂಬುದನ್ನು ತಿಳಿಯದೆ ಆಕೆ ಮಲಗಬೇಕಾಗಿತ್ತು. ಸಹಿಯನ್ನೇನೋ ಮೊದಲೇ ಹಾಕಿಸಿಕೊಳ್ಳುತ್ತಿದ್ದರು. ರೋಗದ ಹೆಸರನ್ನು ಮುಚ್ಚಿಡುವುದೂ ಆ ಕಾಲಕ್ಕೆ ರೂಢಿಯೇ. 1961ರಲ್ಲಿ ಷಿಕಾಗೋ ನಗರದ 219 ವೈದ್ಯರನ್ನು ಕೇಳಿದಾಗ, ಸುಮಾರು ಹತ್ತರಲ್ಲಿ ಒಂಬತ್ತು ಮಂದಿ ಅರ್ಬುದವೆಂದು ರೋಗಿಗೆ ಹೇಳದಿರುವುದೇ ಮೇಲೆಂದರು. 1979ರಲ್ಲಿ ಅದೇ ಪ್ರಶ್ನೆಯನ್ನು ಇನ್ನೊಂದು ಕಡೆಯ ವೈದ್ಯರಿಗೆ ಹಾಕಿದಾಗ ನೂರಕ್ಕೆ 97 ಮಂದಿ ಹೇಳುವುದೇ ಮೇಲೆಂದರು. ಹದಿನೆಂಟು ವರ್ಷಗಳಲ್ಲಿ ಒಂದು ವೃತ್ತಿಯ ಅಭಿಪ್ರಾಯವು ಹೀಗೆ ತಲೆಕೆಳಗಾದ ಉದಾಹರಣೆ ಅಪರೂಪ.

ಆ ನಡುವಣ ಕಾಲದಲ್ಲಿ ರೋಸ್ ಕುಷ್ನರ್ ಎಂಬ ಪತ್ರಿಕಾಲೇಖಕಿ ಇದ್ದಳು. 1974ರಲ್ಲಿ ತನ್ನ ಎದೆಯಲ್ಲಿ ಗಂಟು ಕಂಡಾಗ, ಮೊದಲು ಪರೀಕ್ಷೆ ಮಾತ್ರ ಆಗಲಿ, ಎದ್ದ ಮೇಲೆ ಮುಂದಿನ ಮಾತು ಎಂದು ಆಕೆ ಹಟ ಹಿಡಿದಳು. ಒಪ್ಪುವ ವೈದ್ಯನು ಸಿಕ್ಕುವುದೇ ಕಷ್ಟವಾಯಿತು. ಅದೇ ವರ್ಷ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅದೇ ಗತಿಯಲ್ಲಿ ಆಸ್ಪತ್ರೆಗೆ ಹೋದಾಗ, ಕುಷ್ನರ್ ಅಧ್ಯಕ್ಷರ ನಿವಾಸಕ್ಕೆ ದೂರವಾಣಿ ಮಾಡಿ ಎರಡು ಹಂತಗಳಲ್ಲಿ ಮಾಡಿಸಿರೆಂದು ಬೇಡಿಕೊಂಡಳಂತೆ. ಅಧ್ಯಕ್ಷರು ನಿರ್ಧಾರ ಮಾಡಿಯಾಗಿದೆಯೆಂಬ ಉತ್ತರ ಬಂದಿತಂತೆ. ಅಧ್ಯಕ್ಷರು! ರೋಗಿಯ ಒಡೆಯನನ್ನು ಕೇಳಬೇಕೆಂದ ಸುಶ್ರುತನು ಇದನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. 1979ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯಸಂಸ್ಥೆಯು ಕರೆದ ತಜ್ಞರ ಸಭೆಯಲ್ಲಿ ಕುಷ್ನರ್ ಕೂಡ ಕುಳಿತಿದ್ದಳು. ಪರೀಕ್ಷೆಯೂ ಚಿಕಿತ್ಸೆಯೂ ಬೇರೆ ಬೇರೆ ಹಂತಗಳಲ್ಲಿ ಆಗಬೇಕೆಂದು ಆ ಸಭೆಯು ಸಲಹೆಮಾಡಿತು. 1985ರಲ್ಲಿ ಬರ್ನಾರ್ಡ್ ಫಿಷರ್ ಎಂಬ ಶಸ್ತ್ರವೈದ್ಯನು ತನ್ನ ಪ್ರಯೋಗಗಳ ಫಲವನ್ನು ಪ್ರಕಟಿಸಿದನು. ಸಣ್ಣ ಗೆಡ್ಡೆಗಳಲ್ಲಿ ಗೆಡ್ಡೆಯನ್ನು ಮಾತ್ರ ತೆಗೆದು ಕಿರಣಚಿಕಿತ್ಸೆ ಕೊಟ್ಟರೂ, ಇಡೀ ಸ್ತನವನ್ನು ತೆಗೆದರೂ, ಬದುಕಿ ಉಳಿಯುವವರ ಪ್ರಮಾಣ ಒಂದೇ. 2002ರಲ್ಲಿ ಇಪ್ಪತ್ತು ವರ್ಷಗಳ ಲೆಕ್ಕವನ್ನು ನೋಡಿದಾಗಲೂ ಹಾಗೆಯೇ ಇದ್ದಿತು. ಎರಡು ದಾರಿಗಳೂ ಸಮವೆಂದು ಶಾಸ್ತ್ರವೇ ಹೇಳಿದ ಮೇಲೆ, ಯಾವುದನ್ನು ಹಿಡಿಯಬೇಕೆಂಬುದನ್ನು ವೈದ್ಯನು ತನ್ನ ಪಾಂಡಿತ್ಯದಿಂದಲೇ ತೀರ್ಮಾನಿಸುವಂತಿಲ್ಲ. ಆಕೆಯ ಬಾಳು ಎಂಥದು, ಆಕೆಗೆ ಯಾವುದು ಸಹ್ಯ, ಯಾವುದು ಅಸಹ್ಯ ಎಂಬುದು ಆಕೆಗಲ್ಲದೆ ಬೇರೆಯವರಿಗೆ ತಿಳಿಯದು. ನಿರ್ಣಯವನ್ನು ಹಂಚಿಕೊಳ್ಳಬೇಕೆಂಬ ಮಾತು ವೈದ್ಯಕೀಯದಲ್ಲಿ ಬೇರೂರಿದುದಕ್ಕೆ ಇಂಥ ಸಂದರ್ಭಗಳೇ ಮುಖ್ಯ ಕಾರಣವೆಂದು ನಮ್ಮ ಅಭಿಪ್ರಾಯ.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಆಧಾರವಾದ ತೀರ್ಪು ಬಂದುದು 2008ರ ಜನವರಿ 16ರಂದು. 1995ರಲ್ಲಿ ದೆಹಲಿಯ ಅವಿವಾಹಿತ ಮಹಿಳೆಯೊಬ್ಬರು ಹೊಟ್ಟೆಯೊಳಗನ್ನು ನಳಿಕೆಯಿಂದ ಪರೀಕ್ಷಿಸುವುದಕ್ಕೆ ಒಪ್ಪಿ ಮಲಗಿದರು. ಅವರು ನಿದ್ರೆಯಲ್ಲಿದ್ದಾಗ ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದರು. ಮಿನೆಸೋಟಾದ ಕಿವಿಯ ಮೊಕದ್ದಮೆಗೂ ಇದಕ್ಕೂ ಎಷ್ಟು ಹೋಲಿಕೆಯೆಂಬುದನ್ನು ಹೇಳಬೇಕಾಗಿಲ್ಲ. ತಾಯಿಯ ಒಪ್ಪಿಗೆ ಎಂಬುದೊಂದು ಮಾತ್ರ ಇಲ್ಲಿ ಹೊಸದು. ಮತ್ತು ಅದು ನಮ್ಮದು. ನಮ್ಮ ಮನೆಗಳಲ್ಲಿ ಆಸ್ಪತ್ರೆಯ ಕಾಗದಕ್ಕೆ ಸಹಿ ಹಾಕುವವರು ತಂದೆಯೋ ಗಂಡನೋ ಹಿರಿಯ ಮಗನೋ ಆಗಿರುವರಲ್ಲದೆ, ಮಲಗಿರುವವರನ್ನು ಕೇಳಬೇಕೆಂಬುದು ಅನೇಕ ವೇಳೆ ಯಾರಿಗೂ ತೋಚುವುದೇ ಇಲ್ಲ. ಇದರಲ್ಲಿ ಪ್ರೀತಿಯಿಲ್ಲವೆಂದು ಹೇಳಲಾರೆವು. ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ಬರೆದವರು ಹಿಂದೆ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ಪ್ರಾಣಕ್ಕೆ ತಕ್ಷಣದ ಅಪಾಯವಿರಲಿಲ್ಲ. ರೋಗಿಯು ಪ್ರಾಯಕ್ಕೆ ಬಂದವರು, ಕೆಲಹೊತ್ತು ಮಾತ್ರ ಎಚ್ಚರ ತಪ್ಪಿದ್ದವರು. ಎಚ್ಚರವಾಗುವ ತನಕ ಕಾದು ಅವರನ್ನೇ ಕೇಳಬಹುದಾಗಿತ್ತು. ತಾಯಿಯ ಒಪ್ಪಿಗೆಯು ಒಪ್ಪಿಗೆಯಲ್ಲ. ಪರೀಕ್ಷೆಗೆ ಕೊಟ್ಟ ಸಮ್ಮತಿಯು ಚಿಕಿತ್ಸೆಗೆ ಕೊಟ್ಟದ್ದಲ್ಲ. ವೈದ್ಯರು ತಮ್ಮ ಶುಲ್ಕವನ್ನು ಬಿಟ್ಟುಕೊಟ್ಟು 25,000 ರೂಪಾಯಿಗಳ ಪರಿಹಾರ ಕೊಡಬೇಕೆಂದಾಯಿತು.

ಆದರೆ ರೋಗಿಗೆ ಎಷ್ಟು ತಿಳಿಸಬೇಕೆಂಬ ಪ್ರಶ್ನೆಗೆ ಅದೇ ತೀರ್ಪು ಕೊಟ್ಟ ಉತ್ತರದ ವಿಷಯದಲ್ಲಿ ನಮಗೆ ಪೂರ್ಣವಾದ ಸಮಾಧಾನವಿಲ್ಲ. ಅಮೆರಿಕದಲ್ಲಿ 1972ರ ಒಂದು ತೀರ್ಪಿನ ಅನಂತರ, ರೋಗಿಗೆ ತಿಳಿಯಬೇಕಾದುದು ಎಷ್ಟೋ ಅಷ್ಟನ್ನು ತಿಳಿಸಬೇಕೆಂಬ ಅಳತೆ ಅನೇಕ ಕಡೆ ಬಳಕೆಗೆ ಬಂದಿತ್ತು. ಇಂಗ್ಲೆಂಡಿನ ಅಳತೆ ಬೇರೆ: ವೃತ್ತಿಯಲ್ಲಿರುವ ಜವಾಬ್ದಾರಿಯುಳ್ಳ ವೈದ್ಯರು ವಾಡಿಕೆಯಾಗಿ ಎಷ್ಟು ಹೇಳುವರೋ ಅಷ್ಟು ಸಾಕು. 1767ರಲ್ಲಿ ಸ್ಲೇಟರನನ್ನು ಗೆಲ್ಲಿಸಿದುದೂ ಶಸ್ತ್ರವೈದ್ಯರ ವಾಡಿಕೆಯ ಸಾಕ್ಷ್ಯವೇ ಆಗಿತ್ತಷ್ಟೆ. ನಮ್ಮ ನ್ಯಾಯಾಲಯವು ಭಾರತದ ರೋಗಿಗಳ ಸ್ಥಿತಿಗತಿಗಳನ್ನೂ ಚಿಕಿತ್ಸೆಯ ವೆಚ್ಚ ಏರುವ ಭಯವನ್ನೂ ಪರ್ಯಾಲೋಚಿಸಿ ಇಂಗ್ಲೆಂಡಿನ ಅಳತೆಯನ್ನೇ ಆರಿಸಿಕೊಂಡಿತು. ಏಳು ವರ್ಷಗಳು ಕಳೆದು 2015ರಲ್ಲಿ, ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಸ್ಕಾಟ್ಲೆಂಡಿನ ಒಬ್ಬ ಬಾಣಂತಿಯ ಮೊಕದ್ದಮೆಯಲ್ಲಿ ಆ ಅಳತೆಯನ್ನು ಕೈಬಿಟ್ಟು, ಆ ರೋಗಿಯ ಸ್ಥಾನದಲ್ಲಿರುವವರಿಗೆ ಯಾವುದು ಮುಖ್ಯವೆನಿಸುವುದೋ ಅದನ್ನು ತಿಳಿಸಬೇಕೆಂದಿತು. ನಾವು ಎರವಲು ತಂದ ಕೋಲನ್ನು ಅದರ ಒಡೆಯರೇ ಎಸೆದುಬಿಟ್ಟರು.

ಎಚ್ಚರ ಮರಳುವ ನಂಬಿಕೆಯೇ ಇಲ್ಲದವರ ಮಾತೇನು? ಇದಕ್ಕೆ ಉತ್ತರವು ಈಚಿನದು. 2018ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗುಣವಾಗುವ ಭರವಸೆಯಿಲ್ಲದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ಮನುಷ್ಯನು ಮುಂಚೆಯೇ ಬರೆದಿಡಬಹುದೆಂದು ಒಪ್ಪಿತು. ಮೊದಲು ವಿಧಿಸಿದ ಕ್ರಮವು ಮ್ಯಾಜಿಸ್ಟ್ರೇಟರ ರುಜುವನ್ನು ಬಯಸುತ್ತಿದ್ದುದರಿಂದ ಆಚರಣೆಗೆ ಬಹಳ ತೊಡಕಾಯಿತು. 2023ರಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿಯಿಂದಾಗಲಿ ಗೆಜೆಟೆಡ್ ಅಧಿಕಾರಿಯಿಂದಾಗಲಿ ದೃಢೀಕರಿಸಿದರೆ ಸಾಕೆಂದರು. 2025ರ ಜನವರಿಯ ಕೊನೆಯಲ್ಲಿ ಕರ್ನಾಟಕ ಸರ್ಕಾರವು ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರುವ ಆದೇಶವನ್ನು ಹೊರಡಿಸಿತು. ಬರೆದಿಟ್ಟವರಿಗೆ ಎಚ್ಚರ ತಪ್ಪಿದಾಗ ಆಸ್ಪತ್ರೆಯಲ್ಲಿ ಒಂದರ ಮೇಲೊಂದು ಎರಡು ವೈದ್ಯಮಂಡಲಿಗಳು ಕುಳಿತು ರೋಗಿಯ ಸ್ಥಿತಿಯನ್ನು ನಿಶ್ಚಯಿಸಬೇಕು. ಪತ್ರದಲ್ಲಿ ಹೆಸರಿಸಿದ ಆಪ್ತರ ಒಪ್ಪಿಗೆಯನ್ನು ಪಡೆಯಬೇಕು. ಆ ಆಪ್ತರು ಒಬ್ಬರೇ ಆಗಿರಬೇಕಾಗಿಲ್ಲ. ಯಾರ ಹೆಸರನ್ನು ಬರೆಯಬೇಕೆಂಬುದು ಬರೆಯುವವರಿಗೆ ಬಿಟ್ಟದ್ದು. ಮನೆಯ ಹಿರಿಯರ ಹೆಸರೇ ಆಗಬೇಕೆಂದು ಆ ಪತ್ರದ ನಿಯಮಗಳಲ್ಲಿ ಎಲ್ಲಿಯೂ ಹೇಳಿಲ್ಲ.